ಪೊರೆ ಬಿಡುವ ಹವಳಕ್ಕೆ ಔಷಧ ಬೇಡ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲೆದರ್ ಕೋರಲ್ ಬಗ್ಗೆಯೇ ಇದ್ದವು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ಹೊಸಬರಿಗೆ ಎರಡು ಮಾತು. ಇವು ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕುವ, ಕಲ್ಲಿನ ಗೂಡು ಕಟ್ಟದ ಮೆದು ಹವಳಗಳು. ಮುಟ್ಟಿದರೆ ಒದ್ದೆ ಚರ್ಮ ಮುಟ್ಟಿದ ಹಾಗೆ ಇರುತ್ತದೆ, ಅದಕ್ಕೇ ಆ ಹೆಸರು. ಕೊಡೆಯಂತೆ ಅರಳುವ ಸಾರ್ಕೋಫೈಟಾನ್ ಅನ್ನು ನಾನು ನಾಯಿಕೊಡೆ ಹವಳ ಎಂದೇ ಕರೆಯುತ್ತೇನೆ. ಬೆರಳುಗಳಂತೆ ಕವಲೊಡೆಯುವುದು ಸಿನುಲೇರಿಯಾ, ದಪ್ಪ ಮಡಿಕೆಗಳಾಗಿ ಅಂಗೈ ಎತ್ತಿದಂತೆ ಕಾಣುವುದು ಲೋಬೋಫೈಟಮ್. ಮೂರರ ಆರೈಕೆಯೂ ಹೆಚ್ಚುಕಡಿಮೆ ಒಂದೇ.

ಪ್ರಶ್ನೆ: ನನ್ನ ನಾಯಿಕೊಡೆ ಹವಳ 11 ದಿನದಿಂದ ಮುಚ್ಚಿಕೊಂಡಿದೆ ಮೇಡಂ. ಒಂದೂ ಪಾಲಿಪ್ (ಹವಳದ ಮೈಮೇಲೆ ಹೂವಿನಂತೆ ಅರಳುವ ಸಣ್ಣ ಜೀವಿ) ಹೊರಗೆ ಬಂದಿಲ್ಲ. ಮೈಮೇಲೆ ಮೇಣ ಹಚ್ಚಿದ ಹಾಗೆ ಹೊಳೆಯುತ್ತಿದೆ. ಎರಡು ಸಲ ಜಾಗ ಬದಲಿಸಿದೆ, ಅಯೋಡಿನ್ ನೀರಿನಲ್ಲಿ ಅದ್ದಿದೆ, ಲೈಟ್ ಕಡಿಮೆ ಮಾಡಿದೆ. ಏನೂ ಉಪಯೋಗವಾಗಲಿಲ್ಲ. ಸತ್ತೇ ಹೋಗುತ್ತದೆಯೇ?

ಇಲ್ಲ. ನೀವು ಬರೆದದ್ದನ್ನು ನೋಡಿದರೆ ಅದು ಪೊರೆ ಬಿಡುತ್ತಿದೆ. ಹಾವು ಪೊರೆ ಬಿಟ್ಟ ಹಾಗೇ.

ಲೆದರ್ ಕೋರಲ್‌ಗಳ ಮೈಮೇಲೆ ಸದಾ ಏನಾದರೂ ಕೂರುತ್ತಲೇ ಇರುತ್ತದೆ. ಪಾಚಿಯ ಎಳೆ, ಮೀನಿನ ಕಸ, ನೀರಿನಲ್ಲಿ ತೇಲುವ ದೂಳು. ಅದನ್ನು ಕೊಡವಿಕೊಳ್ಳಲು ಅದಕ್ಕೆ ಕೈ ಇಲ್ಲ. ಹಾಗಾಗಿ ಪಾಲಿಪ್‌ಗಳನ್ನೆಲ್ಲ ಒಳಗೆಳೆದುಕೊಂಡು, ಮೈಮೇಲೆ ತೆಳುವಾದ ಮೇಣದಂಥ ಪದರವೊಂದನ್ನು ಬಿಡುತ್ತದೆ. ಕೊನೆಗೆ ಕೂತ ಕೊಳೆಯ ಸಮೇತ ಆ ಪದರ ಚೂರು ಚೂರಾಗಿ ಎದ್ದು ಹೋಗುತ್ತದೆ. ಕೆಲವು ಸಲ 3 ದಿನದಲ್ಲಿ ಮುಗಿಯುತ್ತದೆ, ಕೆಲವು ಸಲ 2 ವಾರ, ದೊಡ್ಡ ಹವಳವಾದರೆ ಇನ್ನೂ ಸ್ವಲ್ಪ ಜಾಸ್ತಿ. ಮುಗಿದ ಮರುದಿನ ನೋಡಿ, ಮೊದಲಿಗಿಂತ ದೊಡ್ಡದಾಗಿ ಅರಳಿರುತ್ತದೆ.

ಜಾಗ ಬದಲಿಸಿದರೂ ಅದು ಮುಚ್ಚಿಕೊಳ್ಳುತ್ತದೆ, ಅಯೋಡಿನ್‌ನಲ್ಲಿ ಅದ್ದಿದರೂ ಮುಚ್ಚಿಕೊಳ್ಳುತ್ತದೆ. ಅಂದರೆ ನೀವು ಔಷಧ ಎಂದು ಮಾಡಿದ ಒಂದೊಂದು ಕೆಲಸವೂ ಆ 11 ದಿನವನ್ನು ಉದ್ದ ಮಾಡಿದೆ. ಬೈಯುತ್ತಿಲ್ಲ. ನನ್ನ ಮೊದಲ ನಾಯಿಕೊಡೆ ಹವಳಕ್ಕೆ ನಾನೂ ಇದನ್ನೇ ಮಾಡಿದ್ದೆ. ದಿನಕ್ಕೆ ಒಂದು ಸಲ ಎತ್ತಿ ನೋಡುವುದು, ಉಗುರಿನಲ್ಲಿ ಪದರ ಕೀಳುವುದು. ಕಿತ್ತ ಜಾಗದಲ್ಲಿ ಗಾಯವಾಗಿ, ಗಾಯ ಕೊಳೆತು, 1 ತಿಂಗಳಲ್ಲಿ ಅದು ಹೋಯಿತು. ಆ ಹವಳಕ್ಕೆ ಯಾವ ಕಾಯಿಲೆಯೂ ಇರಲಿಲ್ಲ ಎಂದು ತಿಳಿದಾಗ ತುಂಬಾ ದುಃಖವಾಗಿತ್ತು. ಈ ಅಂಕಣದಲ್ಲಿ ಪೊರೆಯ ವಿಷಯ ಮತ್ತೆ ಮತ್ತೆ ಬರೆಯುವುದು ಅದಕ್ಕೇ.

ಈಗ ಮಾಡಬೇಕಾದದ್ದು ಬಹಳ ಕಮ್ಮಿ. ಈಗಿರುವ ಜಾಗದಲ್ಲೇ ಬಿಡಿ. ಪಂಪಿನ ನೀರು ಅದರ ಪಕ್ಕದಿಂದ ಹಾದು ಹೋಗುವಂತೆ ಮಾಡಿ. ನೇರವಾಗಿ ಮುಖಕ್ಕೆ ಹೊಡೆಯುವುದು ಬೇಡ, ಆದರೆ ಈಗಿನದಕ್ಕಿಂತ ಸ್ವಲ್ಪ ಜೋರಾಗಿ ಇರಲಿ. ಪೊರೆ ಏಳಲು ಸಹಾಯ ಮಾಡುವುದು ನೀರಿನ ಓಟವೇ. ಅಂಚು ಎದ್ದಿರುವುದು ಕಂಡರೆ ಪಿಪೆಟ್‌ನಿಂದ ಮೆಲ್ಲಗೆ ನೀರು ಊದಿ, ಸಾಕು. ಎದ್ದ ಪೊರೆ ಪಕ್ಕದ ಹವಳದ ಮೇಲೆ ಹೋಗಿ ಕೂತರೆ ಅದನ್ನು ಸೈಫನ್ ಪೈಪಿನಿಂದ ತೆಗೆದುಬಿಡಿ. ಆ ವಾರ ಆಕ್ಟಿವೇಟೆಡ್ ಕಾರ್ಬನ್, ಅಂದರೆ ನೀರಿನಲ್ಲಿ ಕರಗಿದ ಕೊಳೆ ಹೀರುವ ಇದ್ದಿಲು, ಹೊಸದು ಹಾಕಿ. ಲೈಟ್ ಮೊದಲು ಎಷ್ಟಿತ್ತೋ ಅಷ್ಟಕ್ಕೇ ನಿಧಾನವಾಗಿ ತನ್ನಿ.

ಇದು ಪೊರೆಯೋ ಕೊಳೆಯುತ್ತಿದೆಯೋ ಎಂದು ತಿಳಿಯುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪೊರೆ ಬಿಡುವ ಹವಳದ ಕಾಂಡ ಗಟ್ಟಿಯಾಗಿ ನೆಟ್ಟಗೆ ನಿಂತಿರುತ್ತದೆ. ಮೈ ಕುಗ್ಗಿರಬಹುದು, ಬಣ್ಣ ಮಂಕಾಗಿರಬಹುದು, ಆದರೆ ಎಲ್ಲೂ ತೂತು ಬಿದ್ದಿರುವುದಿಲ್ಲ, ಕರಗಿರುವುದಿಲ್ಲ. ಕೊಳೆಯುವ ಹವಳ ಮೆತ್ತಗಾಗಿ ಒಂದು ಕಡೆ ಜೋತು ಬೀಳುತ್ತದೆ, ಕಂದು ಇಲ್ಲವೇ ಕಪ್ಪು ಲೋಳೆ ಬರುತ್ತದೆ, ನೀರಿನಿಂದ ಎತ್ತಿದರೆ ಕೆಟ್ಟ ವಾಸನೆ ಹೊಡೆಯುತ್ತದೆ.

3 ವಾರವಾದರೂ ತೆರೆಯದಿದ್ದರೆ ಮಾತ್ರ ಬೇರೆ ಕಾರಣ ಹುಡುಕಬೇಕು. ಆಗ ರಾತ್ರಿ ಲೈಟ್ ಆರಿದ 1 ಗಂಟೆಯ ಮೇಲೆ ಟಾರ್ಚ್ ಹಿಡಿದು ನೋಡಿ. ಕಲ್ಲಿನ ಸಂದಿಯಿಂದ ಏಡಿಯೊಂದು ಬಂದು ಕಾಂಡ ಚಿವುಟುತ್ತಿರಬಹುದು. ಹಗಲಲ್ಲಾದರೆ ಚಿಟ್ಟೆ ಮೀನು, ದೊಡ್ಡ ಜಾತಿಯ ಏಂಜೆಲ್ ಮೀನುಗಳ ಮೇಲೆ ಕಣ್ಣಿಡಿ. ಅವು ಪಾಲಿಪ್ ಕಚ್ಚುತ್ತವೆ.

ಪ್ರಶ್ನೆ: ಟ್ಯಾಂಕ್ ಕಟ್ಟಿ 3 ವಾರ ಆಯಿತು. ಮೊದಲ ಹವಳವಾಗಿ ಲೆದರ್ ತರಬಹುದಾ?

ಮೊದಲ ಹವಳಕ್ಕೆ ಲೆದರ್ ಒಳ್ಳೆಯ ಆಯ್ಕೆ. ಆದರೆ ಇನ್ನೂ ತರಬೇಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು, ಅಲ್ಲೇ ಕೆಲವು ವಾರ ನಿಂತು, ಗಾಜಿನ ಮೇಲೆ ಹೊಸ ಟ್ಯಾಂಕಿನ ಕಂದು ಪಾಚಿ ಬಂದು ಹೋಗಲಿ. ತರುವಾಗ ಸಾಕಿ ಬೆಳೆಸಿದ ತುಂಡನ್ನೇ ಕೇಳಿ ತನ್ನಿ. ಲೆದರ್ ಅನ್ನು ಕತ್ತರಿಸಿ ಬೆಳೆಸುವುದು ಇಷ್ಟು ಸುಲಭ ಇರುವಾಗ ಸಮುದ್ರದಿಂದ ಕಿತ್ತು ತಂದದ್ದು ನಮಗೆ ಯಾಕೆ ಬೇಕು? ಟ್ಯಾಂಕಿನಲ್ಲೇ ಹುಟ್ಟಿದ ತುಂಡು ಬೇಗ ಹೊಂದಿಕೊಳ್ಳುತ್ತದೆ ಕೂಡ.

ಪ್ರಶ್ನೆ: ಒಂದೇ ಟ್ಯಾಂಕಿನಲ್ಲಿ 2 ನಾಯಿಕೊಡೆ, 1 ಸಿನುಲೇರಿಯಾ, ಜೊತೆಗೆ ಅಕ್ರೋಪೋರಾ ಥರದ ಕಲ್ಲು ಹವಳಗಳೂ ಇವೆ. ಲೆದರ್‌ಗಳು ಚೆನ್ನಾಗಿವೆ. ಕಲ್ಲು ಹವಳಗಳು ಬೆಳೆಯುತ್ತಲೇ ಇಲ್ಲ, ತುದಿ ಬಿಳುಚಿಕೊಂಡಿದೆ. ಒಂದಕ್ಕೊಂದು ತಾಗುತ್ತಿಲ್ಲ, 20 ಸೆಂಟಿಮೀಟರ್ ಅಂತರ ಇದೆ. ನೀರಿನ ಲೆಕ್ಕವೆಲ್ಲ ಸರಿ ಇದೆ.

ತಾಗಬೇಕಾಗಿಯೇ ಇಲ್ಲ. ಲೆದರ್ ಕೋರಲ್ ಜಗಳವಾಡುವುದು ನೀರಿನ ಮೂಲಕ.

ಕಲ್ಲು ಹವಳಕ್ಕೆ ಕುಟುಕುವ ಉದ್ದ ಎಳೆಗಳಿವೆ, ಗಟ್ಟಿ ಗೂಡಿದೆ. ಲೆದರ್‌ಗೆ ಕುಟುಕುವ ಶಕ್ತಿ ತೀರಾ ಕಮ್ಮಿ. ಮೈಯಲ್ಲಿ ಸ್ಕ್ಲಿರೈಟ್ ಎನ್ನುವ ಸುಣ್ಣದ ಸಣ್ಣ ಸಣ್ಣ ಮುಳ್ಳುಗಳಿವೆ, ಅಷ್ಟು ಬಿಟ್ಟರೆ ಎಲ್ಲ ಮೆತ್ತಗೆ. ಅದರ ಆಯುಧ ಟರ್ಪೀನ್ ಜಾತಿಯ ರಾಸಾಯನಿಕಗಳು. ತನ್ನನ್ನು ಮೀನು ತಿನ್ನದಿರಲಿ, ಪಕ್ಕದವರು ತನ್ನ ಜಾಗಕ್ಕೆ ಬರದಿರಲಿ ಎಂದು ಇವನ್ನು ಮೈಯಲ್ಲಿ ಇಟ್ಟುಕೊಂಡಿರುತ್ತದೆ, ಸ್ವಲ್ಪ ಸ್ವಲ್ಪವಾಗಿ ನೀರಿಗೂ ಬಿಡುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸಂಶೋಧಕರಾದ ಪಾಲ್ ಸಮ್ಮಾರ್ಕೋ, ಜಾನ್ ಕೋಲ್ ಮತ್ತವರ ಜೊತೆಗಾರರು 1980ರ ದಶಕದ ಮೊದಲಲ್ಲೇ ಇದನ್ನು ಪರೀಕ್ಷಿಸಿದ್ದರು. ಮೆದು ಹವಳಗಳನ್ನು ಕಲ್ಲು ಹವಳಗಳ ಹತ್ತಿರ ತಂದಿಟ್ಟು ನೋಡಿದರೆ, ತಾಗದಿದ್ದರೂ ಕೆಲವು ಕಲ್ಲು ಹವಳಗಳಿಗೆ ಪೆಟ್ಟು ಬಿದ್ದಿತ್ತು. ಅದು ತೆರೆದ ಸಮುದ್ರ. ಅಲ್ಲಿ ನೀರು ಒಂದೆಡೆ ನಿಲ್ಲುವುದಿಲ್ಲ. ನಿಮ್ಮ ಟ್ಯಾಂಕಿನಲ್ಲಾದರೋ ಅದೇ ನೀರು ಮತ್ತೆ ಮತ್ತೆ ಸುತ್ತುತ್ತದೆ, ಟೆಸ್ಟ್ ಕಿಟ್‌ನಲ್ಲಿ ಈ ವಸ್ತುಗಳು ಕಾಣಿಸುವುದೂ ಇಲ್ಲ. ಅದಕ್ಕೇ ನಿಮ್ಮ ಲೆಕ್ಕವೆಲ್ಲ ಸರಿಯಾಗಿ ಕಾಣುತ್ತಿರುವುದು.

ಕಾರ್ಬನ್ ಇದಕ್ಕೆ ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ವರ್ಷಕ್ಕೊಮ್ಮೆ ಚೀಲ ಹಾಕಿ ಮರೆತರೆ ಆಗುವುದಿಲ್ಲ. ಆರ್‌ಒ ನೀರಿನಲ್ಲಿ ದೂಳು ಹೋಗುವವರೆಗೆ ತೊಳೆದು, ನೀರು ಅದರ ಒಳಗಿನಿಂದಲೇ ಹಾದು ಹೋಗುವ ಜಾಗದಲ್ಲಿಟ್ಟು, 3–4 ವಾರಕ್ಕೊಮ್ಮೆ ಬದಲಿಸಿ. ಇದುವರೆಗೆ ಕಾರ್ಬನ್ ಹಾಕಿಯೇ ಇಲ್ಲ ಅಂದರೆ ಮೊದಲು ಅರ್ಧದಷ್ಟು ಹಾಕಿ. ನೀರು ಒಮ್ಮೆಲೇ ತಿಳಿಯಾದರೆ ಬೆಳಕು ಒಳಗೆ ಜಾಸ್ತಿ ಇಳಿಯುತ್ತದೆ, ಅದೂ ಹವಳಗಳಿಗೆ ಪೆಟ್ಟೇ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಓಡುತ್ತಿರಲಿ, ವಾರಕ್ಕೆ ಶೇಕಡಾ 10ರಿಂದ 15ರಷ್ಟು ನೀರು ಬದಲಿಸಿ. ಇನ್ನೊಂದು ಸಂಗತಿ, ಪಂಪಿನ ನೀರು ಲೆದರ್ ದಾಟಿ ಅಕ್ರೋಪೋರಾ ಕಡೆಗೆ ಹರಿಯುತ್ತಿದೆಯಾ ನೋಡಿ. ಹಾಗಿದ್ದರೆ ಪಂಪಿನ ಮುಖ ತಿರುಗಿಸಿ, ನೀರಿನ ದಾರಿಯಲ್ಲಿ ಕಲ್ಲು ಹವಳ ಮೊದಲು, ಲೆದರ್ ಆಮೇಲೆ ಬರಲಿ.

ಇಷ್ಟಾದರೂ, ನನ್ನ ಮಾತು ಕೇಳುವುದಾದರೆ, ಆ ಸಣ್ಣ ಟ್ಯಾಂಕಿನಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. 3 ಲೆದರ್‌ಗಳೂ ದೊಡ್ಡವಾದ ಮೇಲೆ ಕಾರ್ಬನ್ ಎಷ್ಟು ಹಾಕಿದರೂ ಅಕ್ರೋಪೋರಾ ಸುಖವಾಗಿರುವುದು ಕಷ್ಟ.

ಪ್ರಶ್ನೆ: ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ನೀರು ಗಾಜಿನ ಹಾಗೆ ತಿಳಿ. ಆದರೂ ಲೆದರ್ ದಿನೇ ದಿನೇ ಬಿಳುಚಿಕೊಳ್ಳುತ್ತಿದೆ, ಬೆಳವಣಿಗೆ ಇಲ್ಲ.

ಆ ಎರಡು ಸೊನ್ನೆಗಳೇ ತೊಂದರೆ. ಲೆದರ್‌ನ ಮೈಯೊಳಗೆ ಜೂಜಾಂಥೆಲೇ ಎನ್ನುವ ಪಾಚಿ ಇದೆ, ಅದು ಬೆಳಕಿನಲ್ಲಿ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ಆ ಪಾಚಿಗೂ ಗೊಬ್ಬರ ಬೇಕು ಅಲ್ವಾ? ನೈಟ್ರೇಟ್ 5ರಿಂದ 15 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಲೆದರ್‌ಗಳು ದಷ್ಟಪುಷ್ಟವಾಗಿರುತ್ತವೆ. ಮೀನಿಗೆ ಕೊಡುವ ಆಹಾರ ಸ್ವಲ್ಪ ಜಾಸ್ತಿ ಮಾಡಿ, ಫಾಸ್ಫೇಟ್ ಹೀರುವ ಪುಡಿ ಹಾಕಿದ್ದರೆ ತೆಗೆಯಿರಿ, ಸ್ಕಿಮ್ಮರ್ ಅನ್ನು ದಿನಕ್ಕೆ ಕೆಲವು ಗಂಟೆ ನಿಲ್ಲಿಸಿ. ಒಂದು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿ.

ಉಳಿದ ಲೆಕ್ಕ ಕೇಳುವವರಿಗೂ ಇಲ್ಲೇ ಬರೆದುಬಿಡುತ್ತೇನೆ. ಉಷ್ಣತೆ 24–26 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದರೆ ಸಾಪೇಕ್ಷ ಸಾಂದ್ರತೆ 1.025–1.026. ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) 8–10 ಡಿಕೆಎಚ್ (ಅದನ್ನು ಅಳೆಯುವ ಮಾನ), ಕ್ಯಾಲ್ಸಿಯಂ 400–450 ಪಿಪಿಎಂ, ಮೆಗ್ನೀಸಿಯಂ 1250–1350 ಪಿಪಿಎಂ. ಕಲ್ಲು ಹವಳದಷ್ಟು ಕ್ಯಾಲ್ಸಿಯಂ ಇವು ಹೀರುವುದಿಲ್ಲ, ಹಾಗಾಗಿ ಬರೀ ಲೆದರ್ ಇರುವ ಟ್ಯಾಂಕಿಗೆ ನೀರು ಬದಲಿಸುವುದರಲ್ಲೇ ಬೇಕಾದಷ್ಟು ಸಿಕ್ಕಿಹೋಗುತ್ತದೆ. ಬಾಟಲಿ ಬಾಟಲಿ ಸುರಿಯುವುದು ಬೇಡ. ಆಲ್ಕಲಿನಿಟಿ 8 ಇರಲಿ, 9 ಇರಲಿ, ದಿನವೂ ಅಷ್ಟೇ ಇರಲಿ. ಸೋಮವಾರ 7, ಗುರುವಾರ 10 ಎಂದು ಕುಣಿದರೆ ಲೆದರ್ ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ: ನನ್ನ ನಾಯಿಕೊಡೆಯ ಕಾಂಡ ಮಾತ್ರ ಉದ್ದವಾಗುತ್ತಿದೆ, ಕೊಡೆ ಸಣ್ಣದೇ ಇದೆ. ಒಂದು ಕಡೆಗೆ ವಾಲಿದೆ.

ಬೆಳಕು ಸಾಲುತ್ತಿಲ್ಲ. ಕಿಟಕಿಯತ್ತ ವಾಲುವ ಗಿಡದ ಹಾಗೆ ಅದೂ ಲೈಟ್ ಹುಡುಕಿಕೊಂಡು ಹೋಗುತ್ತಿದೆ. ಪಾರ್ ಮೀಟರ್ (ಪಾಚಿ, ಗಿಡಗಳಿಗೆ ಉಪಯೋಗವಾಗುವ ಬೆಳಕನ್ನು ಅಳೆಯುವ ಸಾಧನ) ಯಾರಾದರೂ ಕೊಟ್ಟರೆ ಅಳೆಯಿರಿ, ಕೊಡೆಯ ಮೇಲೆ 75ರಿಂದ 150 ಬಂದರೆ ಚೆನ್ನ. ಆದರೆ ಒಮ್ಮೆಲೇ ಏರಿಸಬೇಡಿ. ಎಲ್‌ಇಡಿಯನ್ನು ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ 2–3 ವಾರದಲ್ಲಿ ಏರಿಸಿ, ಇಲ್ಲವಾದರೆ ಮೈಯಲ್ಲಿರುವ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗಿಬಿಡುತ್ತದೆ. ವಾಲಿದೆ ಎಂದು ಕಡ್ಡಿ ಕೊಟ್ಟು ನಿಲ್ಲಿಸುವುದೂ ಬೇಡ, ಬೆಳಕು ಸರಿಹೋದ ಮೇಲೆ ಹೊಸ ಬೆಳವಣಿಗೆ ತಾನೇ ನೆಟ್ಟಗೆ ಬರುತ್ತದೆ.

ಪ್ರಶ್ನೆ: 6 ವರ್ಷದ ನಾಯಿಕೊಡೆ ಈಗ ತಟ್ಟೆಗಿಂತ ಅಗಲವಾಗಿದೆ. ಕೆಳಗಿರುವ ಹವಳಗಳಿಗೆಲ್ಲ ನೆರಳು. ಕತ್ತರಿಸಲು ಭಯ. ಕತ್ತರಿಸಿದರೆ ಬದುಕುತ್ತಾ ಮೇಡಂ?

6 ವರ್ಷ ಸಾಕಿದ್ದೀರಿ, ಓದಿ ಖುಷಿಯಾಯಿತು. ಖಂಡಿತ ಬದುಕುತ್ತದೆ. ಸಮುದ್ರದಲ್ಲೂ ಲೆದರ್‌ಗಳು ತುಂಡಾಗಿ, ತುಂಡು ಬಿದ್ದಲ್ಲಿ ಹೊಸ ಹವಳವಾಗಿ ಹರಡುತ್ತವೆ. ಆದರೆ ಈ ಕೆಲಸಕ್ಕೆ ಒಂದು ರಜಾದಿನ ಪೂರ್ತಿ ಇಟ್ಟುಕೊಳ್ಳಿ. ಪೊರೆ ಬಿಡುತ್ತಿರುವಾಗ ಬೇಡ, ಪೂರ್ತಿ ಅರಳಿ ಲವಲವಿಕೆಯಿಂದ ಇರುವ ವಾರ ನೋಡಿ.

ಟ್ಯಾಂಕಿನ ಒಳಗೆ ಕತ್ತರಿಸಬೇಡಿ. ಮೇಲೆ ಹೇಳಿದ ವಿಷವೆಲ್ಲ ಕತ್ತರಿಸಿದ ಜಾಗದಿಂದ ಒಮ್ಮೆಲೇ ಹೊರಬರುತ್ತದೆ. ಕಲ್ಲಿನ ಸಮೇತ ಎತ್ತಲು ಬಂದರೆ ಎತ್ತಿ, ಟ್ಯಾಂಕಿನದೇ ನೀರು ತುಂಬಿದ ಬಕೆಟ್‌ಗೆ ತನ್ನಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಮುಟ್ಟಿದ ತಕ್ಷಣ ಅದು ನೀರು ಕಕ್ಕಿ ಅರ್ಧಕ್ಕರ್ಧ ಕುಗ್ಗುತ್ತದೆ, ಹೆದರಬೇಡಿ. ನಾಯಿಕೊಡೆ ಹವಳದಲ್ಲಿ 2 ಬಗೆಯ ಪಾಲಿಪ್ ಇವೆ. 8 ಗರಿಗರಿ ತೋಳುಗಳಿರುವ ದೊಡ್ಡವು ನಮಗೆ ಹೂವಿನಂತೆ ಕಾಣುವಂಥವು. ಅವುಗಳ ನಡುವೆ ಚುಕ್ಕಿಗಳಂತೆ ಇರುವ ಸಣ್ಣವು ಮೈಯೊಳಗೆ ನೀರು ಓಡಾಡಿಸುತ್ತವೆ. ಹವಳ ಉಬ್ಬುವುದು, ಕುಗ್ಗುವುದು ಎಲ್ಲ ಈ ನೀರಿನ ಲೆಕ್ಕವೇ.

ಹೊಸ ಬ್ಲೇಡ್ ತಗೊಳ್ಳಿ. ಮೊಂಡಾದ ಕತ್ತರಿ ಮೈಯನ್ನು ಜಜ್ಜುತ್ತದೆ, ಜಜ್ಜಿದ್ದು ಕೊಳೆಯುತ್ತದೆ. ಕೊಡೆ ಕಾಂಡಕ್ಕೆ ಸೇರುವ ಜಾಗದ ಸ್ವಲ್ಪ ಕೆಳಗೆ, ಅಡ್ಡಲಾಗಿ, ಒಂದೇ ಎಳೆತಕ್ಕೆ ಕತ್ತರಿಸಿ. ಉಳಿದ ಮೋಟು ಕಾಂಡವನ್ನು ಇದ್ದ ಜಾಗದಲ್ಲೇ ಇಡಿ. ಕೆಲವು ವಾರದಲ್ಲಿ ಅದರ ತುದಿ ದುಂಡಾಗಿ ಪಾಲಿಪ್ ಹೊರಡುತ್ತವೆ, ಕೆಲವು ತಿಂಗಳಲ್ಲಿ ಹೊಸ ಕೊಡೆ. ತೆಗೆದ ಕೊಡೆಯನ್ನು ಹಾಗೇ ಒಂದಾಗಿ ನೆಡಬಹುದು. ಇಲ್ಲವಾದರೆ ಕೊಡೆಯ ಕಡ್ಡಿಗಳಿರುವ ಗೆರೆಯಲ್ಲಿ, ನಡುವಿನಿಂದ ಅಂಚಿಗೆ ಸೀಳಿ. ಒಂದೊಂದು ತುಂಡೂ 3 ಸೆಂಟಿಮೀಟರ್‌ಗಿಂತ ಸಣ್ಣದಾಗದಿರಲಿ. ತುಂಡುಗಳನ್ನು ಇನ್ನೊಂದು ಬಕೆಟ್‌ನ ಉಪ್ಪುನೀರಿನಲ್ಲಿ ಲೋಳೆ ಕಮ್ಮಿಯಾಗುವವರೆಗೆ ಅಲುಗಿಸಿ ತೊಳೆಯಿರಿ. ಎರಡೂ ಬಕೆಟ್‌ನ ನೀರನ್ನು ಚೆಲ್ಲಿಬಿಡಿ, ಟ್ಯಾಂಕಿಗೆ ವಾಪಸ್ ಹಾಕಲೇಬೇಡಿ.

ಎಲ್ಲರೂ ಸೋಲುವುದು ಅಂಟಿಸುವಾಗ. ಸೂಪರ್ ಗ್ಲೂ ಕಲ್ಲು ಹವಳಕ್ಕೆ ಸರಿ. ಇಲ್ಲಿ ಲೋಳೆಯ ಮೇಲೆ ಅಂಟು ಕೂತು ಮರುದಿನ ಬೆಳಿಗ್ಗೆ ತುಂಡು ತೇಲುತ್ತಿರುತ್ತದೆ. ನಾನು ಮಾಡುವುದು ಹೀಗೆ: ಒಂದು ಸಣ್ಣ ಡಬ್ಬಿಯ ತಳದಲ್ಲಿ ಕಲ್ಲು ಚೂರುಗಳನ್ನು ಹರಡಿ, ಮೇಲೆ ತುಂಡುಗಳನ್ನಿಟ್ಟು, ಬಲೆಬಟ್ಟೆ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿ, ನೀರಿನ ಓಟ ಕಮ್ಮಿ ಇರುವ ಮೂಲೆಯಲ್ಲಿ ಇಡುತ್ತೇನೆ. ಓಟ ಕಮ್ಮಿ ಅಂದರೆ ನೀರು ಪೂರ್ತಿ ನಿಂತಿರಬಾರದು, ಬಲೆಯ ಮೇಲೆ ಕಸ ಕೂತರೆ ದಿನವೂ ಊದಿ ತೆಗೆಯಬೇಕು. 2–3 ವಾರದಲ್ಲಿ ತುಂಡು ತಾನೇ ಕಲ್ಲನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಆ ಕಲ್ಲಿಗೆ ಗ್ಲೂ ಹಾಕಿ ಎಲ್ಲಿ ಬೇಕೋ ಅಲ್ಲಿ ಅಂಟಿಸಿ. ತುಂಡಿಗೆ ಪ್ಲಾಸ್ಟಿಕ್ ಕಡ್ಡಿ ಚುಚ್ಚಿ ನಿಲ್ಲಿಸುವವರೂ ಇದ್ದಾರೆ. ಆಗುತ್ತದೆ, ಆದರೆ ರಬ್ಬರ್ ಬ್ಯಾಂಡ್ ಅನ್ನು ನೇರ ಹವಳದ ಮೇಲೇ ಬಿಗಿದರೆ ಅದು ಮೈಯನ್ನು ಕುಯ್ದುಕೊಂಡು ಹೋಗುತ್ತದೆ.

ಅದೇ ದಿನ ಹೊಸ ಕಾರ್ಬನ್ ಹಾಕಿ. ತಾಯಿ ಹವಳವೂ ತುಂಡುಗಳೂ ಒಂದು ವಾರ ಮುಖ ಗಂಟಿಕ್ಕಿಕೊಂಡೇ ಇರುತ್ತವೆ. ಎತ್ತಿ ನೋಡಬೇಡಿ.

ಪ್ರಶ್ನೆ: ಕೊರಿಯರ್‌ನಲ್ಲಿ ಬಂದ ಲೋಬೋಫೈಟಮ್‌ನ ಬುಡದಲ್ಲಿ ಕಪ್ಪು ಕಲೆ ಇದೆ, ದಿನಕ್ಕೆ ಒಂದಿಷ್ಟು ದೊಡ್ಡದಾಗುತ್ತಿದೆ. ವಾಸನೆಯೂ ಇದೆ. ಇದೂ ಪೊರೆಯಾ?

ಇದು ಪೊರೆಯಲ್ಲ, ಕೊಳೆ ಹತ್ತಿದೆ. ಇದಕ್ಕೆ ಕಾಯಬಾರದು, ಇವತ್ತೇ ಕೆಲಸ ಮಾಡಿ. ದಾರಿಯಲ್ಲಿ ಬುಡ ಜಜ್ಜಿರುತ್ತದೆ, ಇಲ್ಲವೇ ಕಲ್ಲಿನಿಂದ ಕೀಳುವಾಗ ಹರಿದಿರುತ್ತದೆ. ಬಕೆಟ್‌ಗೆ ತೆಗೆದು, ಕಪ್ಪಾದ ಭಾಗವನ್ನು ಅರ್ಧ ಸೆಂಟಿಮೀಟರ್ ಒಳ್ಳೆಯ ಮೈ ಸೇರಿಸಿ ಕತ್ತರಿಸಿ ತೆಗೆಯಿರಿ. ಕಪ್ಪು ಮುಟ್ಟಿದ ಬ್ಲೇಡ್‌ನಿಂದ ಒಳ್ಳೆಯ ಭಾಗ ಮುಟ್ಟಬೇಡಿ, ಬದಲಿಸಿ. ಹವಳಕ್ಕೆಂದೇ ಮಾರುವ ಅಯೋಡಿನ್ ದ್ರಾವಣದಲ್ಲಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮಾತ್ರ ಅದ್ದಿ, ನೀರಿನ ಓಟ ಚೆನ್ನಾಗಿರುವ ಜಾಗದಲ್ಲಿಡಿ. ಬುಡವಿಡೀ ಕೊಳೆತಿದ್ದರೆ ಮೇಲಿನ ಬೆರಳುಗಳನ್ನಾದರೂ ಕತ್ತರಿಸಿ ಉಳಿಸಿಕೊಳ್ಳಿ. ಒಂದು ಬೆರಳಿನಿಂದಲೂ ಪೂರ್ತಿ ಹವಳ ಬೆಳೆಯುತ್ತದೆ.

ಪ್ರಶ್ನೆ: ಕ್ಲೌನ್ ಮೀನು ಲೆದರ್‌ನ ಮೇಲೇ ಹೊರಳಾಡುತ್ತದೆ. ತಡೆಯಬೇಕಾ?

ಅನಿಮೋನ್ ಸಿಗದಿದ್ದಾಗ ಕ್ಲೌನ್ ಮೀನು ನಾಯಿಕೊಡೆಯನ್ನೇ ಮನೆ ಮಾಡಿಕೊಳ್ಳುವುದುಂಟು. ಮೊದಲ ಕೆಲವು ದಿನ ಹವಳ ಮುದುಡುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತದೆ. ಅಂಗೈಗಿಂತ ದೊಡ್ಡ ಹವಳವಾದರೆ ಬಿಟ್ಟುಬಿಡಿ. ಸಣ್ಣ ತುಂಡಾದರೆ ಅದರ ಮೇಲೆ ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿ, ದೊಡ್ಡದಾಗುವವರೆಗೆ ಕಾಪಾಡಿ. ಮೀನಿಗೆ ಏನಾದರೂ ಕಾಯಿಲೆ ಬಂದರೆ ಬೇರೆ ಟ್ಯಾಂಕಿಗೆ ತೆಗೆದೇ ಔಷಧ ಕೊಡಿ. ತಾಮ್ರ ಇರುವ ಔಷಧ ಹವಳದ ಟ್ಯಾಂಕಿಗೆ ಬಿದ್ದರೆ ಲೆದರ್ ಉಳಿಯುವುದಿಲ್ಲ.

ಪ್ರಶ್ನೆ: 10 ದಿನ ಮನೆಯಲ್ಲಿ ಇರುವುದಿಲ್ಲ. ಲೆದರ್‌ಗೆ ಊಟದ ವ್ಯವಸ್ಥೆ ಏನು ಮಾಡಲಿ?

ಲೆದರ್‌ಗೆ ಬೇರೆ ಊಟ ಏನೂ ಬೇಡ. ಬೆಳಕೇ ಊಟ, ಟೈಮರ್ ಸರಿಯಾಗಿದೆಯಾ ನೋಡಿಕೊಳ್ಳಿ. ಚಿಂತೆ ಮಾಡಬೇಕಾದ್ದು ನೀರಿನ ಬಗ್ಗೆ. 10 ದಿನದಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ಉಪ್ಪಿನಂಶ ಏರಿಬಿಡುತ್ತದೆ. ಆಟೋ ಟಾಪ್ ಆಫ್ (ಆವಿಯಾದಷ್ಟು ನೀರನ್ನು ತಾನೇ ತುಂಬುವ ಸಾಧನ) ಇದ್ದರೆ ಡ್ರಮ್ ತುಂಬ ಆರ್‌ಒ ನೀರು ಇಡಿ. ಇಲ್ಲವಾದರೆ ಯಾರಿಗಾದರೂ ದಿನಕ್ಕೆ ಎಷ್ಟು ಹಾಕಬೇಕೆಂದು ಬಾಟಲಿಗಳಲ್ಲಿ ಅಳೆದು ತುಂಬಿಟ್ಟು ಹೇಳಿ ಹೋಗಿ. ಬಾಟಲಿಯ ಮೇಲೆ ‘ಸಿಹಿನೀರು’ ಎಂದು ದೊಡ್ಡದಾಗಿ ಬರೆಯಿರಿ, ಟ್ಯಾಂಕಿಗೆ ಅಂತ ಅವರು ಉಪ್ಪುನೀರು ಕಲಸಿ ಹಾಕಿಬಿಡಬಹುದು. ಮೀನಿನ ಆಹಾರವನ್ನೂ ದಿನಕ್ಕೊಂದು ಪೊಟ್ಟಣ ಕಟ್ಟಿಡಿ. ಹೊರಡುವ ಹಿಂದಿನ ದಿನ ನೀರು ಬದಲಿಸುವುದು, ಪಂಪು ಬಿಚ್ಚಿ ತೊಳೆಯುವುದು ಬೇಡ. ಒಂದು ವಾರ ಮೊದಲೇ ಮಾಡಿ ಮುಗಿಸಿ, ಪಂಪು ಸರಿಯಾಗಿ ತಿರುಗುತ್ತಿದೆ ಎಂದು ನೋಡಲು ಆಗ ಸಮಯ ಇರುತ್ತದೆ. ವಾಪಸ್ ಬಂದಾಗ ಲೆದರ್ ಮುಚ್ಚಿಕೊಂಡಿದ್ದರೆ, ಮೈ ಮೇಣದಂತೆ ಹೊಳೆಯುತ್ತಿದ್ದರೆ, ಮೊದಲ ಪ್ರಶ್ನೆಯ ಉತ್ತರವನ್ನು ಇನ್ನೊಮ್ಮೆ ಓದಿಕೊಳ್ಳಿ.